ಹದಿನಾಲ್ಕನೇ ಕಲಂ

ಹಾಳೆಯನ್ನು ನಾನು ತಿರುಗಿಸಿ ನೋಡಲಿಲ್ಲ. ತಪ್ಪು ನನ್ನದೇ. ಒಂಬತ್ತು ಹೆಂಗಸರ ಕೆಲಸಕ್ಕೆ ಬೀಗ ಬಿದ್ದದ್ದು ಅದರಿಂದ.

ನಮ್ಮ ಬೀದಿಯ ಕೊನೆಯಲ್ಲಿ ಕಸ ವಿಂಗಡಿಸುವ ಶೆಡ್ಡಿದೆ. ನಾಲ್ಕು ಕಡೆ ತಗಡು, ಮೇಲೂ ತಗಡು. ಕಿಟಕಿ ಇಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ಗೋಡೆ ಮುಟ್ಟಿದರೆ ಕೈ ಸುಡುತ್ತದೆ. ಮನೆಗಳು, ಅಂಗಡಿಗಳು, ಕಚೇರಿಗಳು ಎಸೆದ ಒಣ ಕಸ ಅಲ್ಲಿಗೆ ಬರುತ್ತದೆ. ಒಣ ಕಸ ಎನ್ನುವುದು ಬಾಯಿಮಾತು. ಅದರಲ್ಲಿ ಒಡೆದ ಗಾಜು ಇರುತ್ತದೆ, ಸೂಜಿ ಇರುತ್ತದೆ, ಮಕ್ಕಳ ಹೇಲು ಇರುತ್ತದೆ, ಸತ್ತ ಇಲಿ ಇರುತ್ತದೆ. ಒಂಬತ್ತು ಹೆಂಗಸರು ಕುಕ್ಕರುಗಾಲಲ್ಲಿ ಕೂತು ಅದನ್ನು ಕೈಯಿಂದ ಬಗೆಯುತ್ತಾರೆ. ಹಾಲಿನ ಕವರಿನದೊಂದು ಗುಡ್ಡೆ, ಬಾಟಲಿಯದೊಂದು, ರಟ್ಟಿನದೊಂದು. ಹೀಗೆ ಹನ್ನೊಂದು ಗುಡ್ಡೆ. ಸಂಜೆ ಎದ್ದರೆ ಸೊಂಟ ನೆಟ್ಟಗಾಗುವುದಿಲ್ಲ. ಗೋಡೆ ಹಿಡಿದು ಸ್ವಲ್ಪ ಹೊತ್ತು ಬಾಗಿಯೇ ನಿಲ್ಲುತ್ತಾರೆ. ಆಗಲೂ ಗೋಡೆ ಬಿಸಿಯಾಗಿಯೇ ಇರುತ್ತದೆ.

ಅವರಲ್ಲಿ ಹಿರಿಯಳು ಕಿವಿಯಕ್ಕ. ಯಾವ ಪ್ಲಾಸ್ಟಿಕ್ಕು ಯಾವ ಗುಡ್ಡೆಗೆ ಎಂದು ಅನುಮಾನ ಬಂದರೆ ಅದನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಮುದುರುತ್ತಾಳೆ. ಸದ್ದು ಕೇಳಿ ಹೇಳುತ್ತಾಳೆ. ತಪ್ಪಿದ್ದಿಲ್ಲ. ಅದಕ್ಕೇ ಆ ಹೆಸರು. ಹತ್ತೊಂಬತ್ತು ವರ್ಷದಿಂದ ಅಲ್ಲೇ ಕೂತಿದ್ದಾಳೆ. ಎರಡು ವರ್ಷದಿಂದ ಸೊಸೆಯೂ ಪಕ್ಕದಲ್ಲಿ ಕೂರುತ್ತಾಳೆ.

ನಾನು ಮೂವತ್ತೊಂದು ವರ್ಷ ಕಾಲೇಜಿನ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವಳು. ಬಿ.ಎ. ಓದಿದ್ದೇನೆ. ನಿವೃತ್ತಳಾದ ಮೇಲೆ ಈ ಬೀದಿಯಲ್ಲಿ ಒಂದು ಕೋಣೆ ಹಿಡಿದೆ. ಬಂದ ಹೊಸತರಲ್ಲಿ ಒಂದು ಮಧ್ಯಾಹ್ನ ಶೆಡ್ಡಿನ ಮುಂದೆ ತಲೆ ಸುತ್ತಿ ಬಿದ್ದೆ. ಕಿವಿಯಕ್ಕ ಬಂದು ರಟ್ಟಿನ ಮೂಟೆಯ ಮೇಲೆ ಕೂರಿಸಿದಳು. ಕೈಯನ್ನು ಎರಡು ಸಲ ತೊಳೆದಳು. ಬಾಟಲಿ ಹಿಡಿದು ನನ್ನ ಮುಖ ನೋಡಿದಳು. ಕೊಡಲಿಲ್ಲ.

"ನಮ್ ಕೈ ನೀರು ಕುಡೀತೀರಾ?" ಎಂದಳು.

ಬಿಸಿಲಿಗೆ ಬಿದ್ದ ಮುದುಕಿಗೆ ನೀರು ಕೊಡುವ ಮುಂಚೆ ಆ ಪ್ರಶ್ನೆ ಕೇಳಬೇಕು ಎಂದು ಅವಳಿಗೆ ಯಾರು ಕಲಿಸಿದರು? ನನ್ನಂಥವರೇ. ನಾನು ಕುಡಿದೆ. ಅವತ್ತಿನಿಂದ ಅವರ ಅರ್ಜಿಗಳನ್ನು ಬರೆದುಕೊಡತೊಡಗಿದೆ. ನನ್ನನ್ನು ಟೀಚರಮ್ಮ ಎಂದು ಕರೆದರು. ನಾನು ಯಾವತ್ತೂ ಪಾಠ ಹೇಳಿದವಳಲ್ಲ. ಕನ್ನಡಕ ಹಾಕಿ ಬರೆಯುವವರೆಲ್ಲ ಅವರಿಗೆ ಟೀಚರೇ. ಅವಳು ನನ್ನನ್ನು ನೀವು ಎನ್ನುತ್ತಾಳೆ. ನಾನು ಅವಳನ್ನು ನೀನು ಎನ್ನುತ್ತೇನೆ. ಇದನ್ನು ಬರೆಯಲು ಕೂರುವ ತನಕ ಅದು ನನಗೆ ಹೊಳೆದಿರಲಿಲ್ಲ.

ಅರ್ಜಿಗೆ ಹಾಳೆ ಅವಳೇ ಕೊಡುತ್ತಿದ್ದಳು. ಕಚೇರಿಗಳ ಕಸದಲ್ಲಿ ಒಂದು ಬದಿ ಅಚ್ಚಾಗಿ ಇನ್ನೊಂದು ಬದಿ ಖಾಲಿ ಇರುವ ಹಾಳೆ ಬಹಳ ಬರುತ್ತವೆ. ಬೆರಳಲ್ಲಿ ಸವರಿ ಒಳ್ಳೆಯ ಹಾಳೆ ಆರಿಸಿ, ಮಡಿಕೆ ತೀಡಿ, ಖಾಲಿ ಬದಿ ಮೇಲೆ ಮಾಡಿ ಜೋಡಿಸಿಡುತ್ತಿದ್ದಳು. "ಟೀಚರಮ್ಮನ ಗುಡ್ಡೆ" ಎಂದು ಅದಕ್ಕೊಂದು ಹೆಸರೂ ಇತ್ತು. ಕೆಳಗಿನ ಬದಿಯಲ್ಲಿ ಏನಿದೆ ಎಂದು ನಾನು ನೋಡುತ್ತಿರಲಿಲ್ಲ. ಬೇರೆಯವರ ಕಾಗದ ಓದಬಾರದು. ಆಫೀಸು ನನಗೆ ಕಲಿಸಿದ ಮರ್ಯಾದೆ ಅದು.

ಇನ್ನು ಶಾಸಕಿಯ ಮಾತು. ಅವರನ್ನು ಕೆಟ್ಟವರು ಎಂದು ಬರೆದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಹಾಗೆ ಬರೆಯಲಾರೆ. ಕೆರೆಯ ಹೂಳು ತೆಗೆಸಿದರು. ಬಸ್ ನಿಲ್ದಾಣಗಳಿಗೆ ನೆರಳು ಹಾಕಿಸಿದರು. ಬಿಸಿಲು ಏರಿದಾಗ ಆಸ್ಪತ್ರೆಯಲ್ಲಿ ತಣ್ಣನೆಯ ವಾರ್ಡು ಮಾಡಿಸಿದರು. ಹವಾಮಾನ ಕೆಟ್ಟರೆ ಮೊದಲು ಸಾಯುವವರು ಬಡವರು ಎಂದು ಸದನದಲ್ಲಿ ನಿಂತು ಹೇಳಿದವರು ಅವರೊಬ್ಬರೇ. ಈಗ ಒಂದು ದೊಡ್ಡ ಹವಾಮಾನ ಮಸೂದೆ ತರುತ್ತಿದ್ದರು. ಕಸದ ಗುಡ್ಡಕ್ಕೆ ಬೆಂಕಿ ಬೀಳುವುದು ನಿಲ್ಲಬೇಕು, ಹೊಗೆ ನಿಲ್ಲಬೇಕು, ಕಸದಿಂದ ಕರೆಂಟು ಮಾಡುವ ಘಟಕ ಬರಬೇಕು. ಅದಕ್ಕೆಂದು ಶೆಡ್ಡಿಗೂ ಒಮ್ಮೆ ಬಂದರು. ಮೂಗು ಮುಚ್ಚಲಿಲ್ಲ. ನಾನು ಅದನ್ನು ಗಮನಿಸಿದೆ.

"ನಿಮ್ಮ ಕೆಲಸ ಎಲ್ಲೂ ಹೋಗಲ್ಲ. ಅದನ್ನ ಕಾನೂನಲ್ಲೇ ಬರೆಸ್ತೀನಿ" ಎಂದರು. ಕಿವಿಯಕ್ಕನ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡರು.

ಆ ಫೋಟೋ ಬಸ್ ನಿಲ್ದಾಣಗಳಲ್ಲಿ ಅಂಟಿತು. ಕೆಳಗೆ 'ನಮ್ಮ ಹವಾಮಾನ ಯೋಧೆ' ಎಂದು ಬರೆದಿತ್ತು. ನಾನು ಓದಿ ಹೇಳಿದೆ. ಕಿವಿಯಕ್ಕ ಸೊಂಟದ ಮೇಲೆ ಕೈಯಿಟ್ಟು ತನ್ನ ಮುಖವನ್ನೇ ನೋಡುತ್ತ ನಿಂತಳು.

"ನನ್ ಮುಖಕ್ಕೆ ನೆರಳು ಸಿಕ್ತು ನೋಡಿ ಟೀಚರಮ್ಮ. ಮೈಗೆ ಯಾವಾಗ ಸಿಗುತ್ತೋ" ಎಂದಳು.

ಅದೇ ಮಾತನ್ನು ಹಿಡಿದು ನಾನು ಅರ್ಜಿ ಬರೆದೆ. ಮಾನ್ಯ ಶಾಸಕರಿಗೆ ವಂದನೆಗಳು. ನಮ್ಮ ಕೆಲಸವನ್ನು ಕಾನೂನಿನಲ್ಲಿ ಸೇರಿಸುತ್ತಿರುವುದಕ್ಕೆ ಋಣಿಗಳು. ಶೆಡ್ಡಿಗೆ ಎರಡು ಕಿಟಕಿ, ಒಂದು ನಲ್ಲಿ ಬೇಕಾಗಿದೆ. ಒಂಬತ್ತು ಹೆಬ್ಬೆಟ್ಟು. ನಾನೇ ಹೋಗಿ ಶಾಸಕಿಯ ಕಚೇರಿಯಲ್ಲಿ ಕೊಟ್ಟು ಬಂದೆ.

ನಾಲ್ಕನೇ ದಿನ ಶಾಸಕಿಯ ಪಿಎ ಬಂದ. ಜೊತೆಗೆ ಇಬ್ಬರು ಕಾವಲುಗಾರರು. ಹೆಂಗಸರನ್ನೆಲ್ಲ ಹೊರಗೆ ನಿಲ್ಲಿಸಿದ. ಕೈಯಲ್ಲಿ ನನ್ನ ಅರ್ಜಿ ಇತ್ತು.

"ಇದನ್ನ ಬರೆದೋರು ಯಾರು?"

"ನಾನು" ಎಂದೆ.

"ಬ್ಲ್ಯಾಕ್‌ಮೇಲ್ ಮಾಡ್ತೀರೇನ್ರೀ? ಈ ವಯಸ್ಸಲ್ಲಿ?"

"ಕಿಟಕಿ ಕೇಳಿದ್ದೀವಪ್ಪ. ನಲ್ಲಿ ಕೇಳಿದ್ದೀವಿ."

"ನಾಟಕ ಬೇಡ. ತಿರುಗಿಸಿ ನೋಡಿ."

ತಿರುಗಿಸಿದೆ. ಹಿಂಬದಿಯಲ್ಲಿ ಮಸೂದೆಯ ಕರಡು ಅಚ್ಚಾಗಿತ್ತು. ಹದಿನಾಲ್ಕನೇ ಕಲಂ. 'ಕಸ ವಿಂಗಡಣೆಯಲ್ಲಿ ಈಗಾಗಲೇ ತೊಡಗಿರುವ ಕಾರ್ಮಿಕರನ್ನು ಹೊಸ ಘಟಕದ ವಿಂಗಡಣೆ ಕೆಲಸಕ್ಕೆ ಮೊದಲು ತೆಗೆದುಕೊಳ್ಳತಕ್ಕದ್ದು. ಅಲ್ಲಿಯವರೆಗೆ ಅವರನ್ನು ಈಗಿನ ಜಾಗದಿಂದ ತೆರವುಗೊಳಿಸತಕ್ಕದ್ದಲ್ಲ.' ಅದರ ಮೇಲೆ ಅಡ್ಡಡ್ಡ ಹಸಿರು ಶಾಯಿಯ ಗೀಟು. ಪಕ್ಕದಲ್ಲಿ ಅದೇ ಶಾಯಿಯಲ್ಲಿ ಕೈಬರಹ. 'ತೆಗೆಯಿರಿ. ಘಟಕದವರು ಒಪ್ಪುವುದಿಲ್ಲ. ಸಮಿತಿಯ ಮುಂದೆ ಸಾಕ್ಷಿಗೆ ಪೋಸ್ಟರಿನ ಹೆಂಗಸನ್ನು ಕರೆಸಿ. ಮಾತು ಚೆನ್ನಾಗಿದೆ.' ಕೆಳಗೆ ಶಾಸಕಿಯ ಸಹಿ.

ಯಾವ ಹಾಳೆಯಲ್ಲಿ ಅವರನ್ನು ಹೊಡೆದುಹಾಕಿದ್ದರೋ ಅದರ ಬೆನ್ನ ಮೇಲೆಯೇ ನಾನು ಕೃತಜ್ಞತೆ ಬರೆದಿದ್ದೆ. ನನ್ನ ದುಂಡಾದ ಅಕ್ಷರದಲ್ಲಿ.

"ಏನಂತೆ ಟೀಚರಮ್ಮ?" ಕಿವಿಯಕ್ಕ ಕೇಳಿದಳು.

ಗಟ್ಟಿಯಾಗಿ ಓದಿದೆ. ಪಿಎ ಹಾಳೆ ಕಿತ್ತುಕೊಳ್ಳುವಷ್ಟರಲ್ಲಿ ಓದಿ ಮುಗಿಸಿದ್ದೆ.

"ಹಂಗಾದ್ರೆ ನಾವು ಅದರಲ್ಲಿ ಇದ್ವಾ?"

"ಇದ್ರಿ."

"ಈಗ ಇಲ್ವಾ?"

"ಇಲ್ಲ."

ಅವಳು ಪಿಎ ಕಡೆ ತಿರುಗಿದಳು. ಅವನು ಬೆರಳೆತ್ತಿದ. "ಇದು ಗುಟ್ಟಿನ ದಾಖಲೆ. ಆಫೀಸಿಂದ ಕದ್ದಿದ್ದೀರಿ. ಕೇಸು ಹಾಕಿದ್ರೆ ಎಲ್ಲರೂ ಒಳಗೆ ಹೋಗ್ತೀರಿ."

"ಕದಿಯೋಕೆ ನಮ್ಮನ್ನ ನಿಮ್ ಆಫೀಸೊಳಗೆ ಯಾವತ್ತು ಬಿಟ್ಟಿದ್ರಿ ಸಾರ್?" ಎಂದಳು ಕಿವಿಯಕ್ಕ.

ಹಿಂದೆ ಯಾರೋ ಕಿಸಕ್ಕೆಂದರು. ಅದನ್ನು ಪಿಎಗೆ ತಡೆದುಕೊಳ್ಳಲಾಗಲಿಲ್ಲ. ಶೆಡ್ಡಿಗೆ ಬೀಗ ಹಾಕಿಸಿದ. ವಿಚಾರಣೆ ಮುಗಿಯುವ ತನಕ ಯಾರೂ ಒಳಗೆ ಹೋಗುವಂತಿಲ್ಲ ಎಂದ. ಊಟದ ಡಬ್ಬಿ, ನೀರಿನ ಬಾಟಲಿ, ಬದಲು ಸೀರೆ, ಚಪ್ಪಲಿ, ಎಲ್ಲ ಒಳಗೆ. ಒಂಬತ್ತು ಜನ ಬರಿಗಾಲಲ್ಲಿ ಬಿಸಿಲಲ್ಲಿ ನಿಂತರು. ಪಿಎ ಕಾರು ಹತ್ತಿದ ಮೇಲೆ ಕಾವಲುಗಾರರಲ್ಲಿ ಒಬ್ಬ, ತಲೆ ನರೆತವನು, ಅತ್ತಿತ್ತ ನೋಡಿ ಬೀಗ ತೆಗೆದ. "ಬೇಗ ಬೇಗ" ಎಂದು ಚಪ್ಪಲಿ, ಡಬ್ಬಿಗಳನ್ನು ತಾನೇ ಎರಡೆರಡಾಗಿ ಹೊರಗೆ ತಂದಿಟ್ಟ. ಮತ್ತೆ ಬೀಗ ಹಾಕಿದ. ಅವನಿಗೂ ಒಂದು ಕೆಲಸ ಉಳಿಯಬೇಕಿತ್ತು.

ಮರುದಿನ ನಾನು ಮತ್ತು ಕಿವಿಯಕ್ಕ ಶಾಸಕಿಯ ಕಚೇರಿಗೆ ಹೋದೆವು. ಒಳಗೆ ತಂಪಿತ್ತು. ಕಿಟಕಿಯುದ್ದಕ್ಕೂ ಕುಂಡಗಳಲ್ಲಿ ಹಸಿರು ಗಿಡ. ಶಾಸಕಿ ಎದ್ದು ನಿಂತು ನನ್ನ ಕೈ ಹಿಡಿದರು.

"ಅಮ್ಮ, ಈ ಬಿಸಿಲಲ್ಲಿ ಬಂದ್ರಾ? ಕೂತ್ಕೊಳ್ಳಿ. ನೀರು ತರಿಸ್ಲಾ?"

ಕೂತೆ. ನೀರು ಕುಡಿದೆ. ಅವರು ನಿಜವಾಗಿ ಕನಿಕರದಿಂದಲೇ ಕೇಳಿದ್ದರು. ಲೋಟ ಕೆಳಗಿಟ್ಟಾಗ ನೋಡಿದೆ, ಕಿವಿಯಕ್ಕ ಬಾಗಿಲ ಹತ್ತಿರ ನಿಂತೇ ಇದ್ದಳು. ಕೋಣೆಯಲ್ಲಿ ಇನ್ನೂ ಮೂರು ಕುರ್ಚಿ ಖಾಲಿ ಇದ್ದವು. ಅವಳಿಗೆ ಯಾರೂ ಕೂರು ಎನ್ನಲಿಲ್ಲ. ನಾನೂ ಎನ್ನಲಿಲ್ಲ.

"ನೋಡಿ ಅಮ್ಮ" ಎಂದರು ಶಾಸಕಿ. ಮಾತೆಲ್ಲ ನನ್ನ ಜೊತೆ. "ಆ ಕಲಂ ಬರೆದೋಳೇ ನಾನು. ತೆಗೆಯೋವಾಗ ಸಂಕಟ ಆಗಿಲ್ಲ ಅಂದ್ಕೊಂಡ್ರಾ? ಘಟಕದವರು ತಮ್ಮ ಯಂತ್ರ, ತಮ್ಮ ಜನ ಅಂತ ಪಟ್ಟು ಹಿಡಿದ್ರು. ಅವರು ಹಿಂದೆ ಸರಿದ್ರೆ ಮಸೂದೆನೇ ಬಿದ್ದೋಗುತ್ತೆ. ಹತ್ತು ವರ್ಷದ ಕೆಲಸ. ಇಡೀ ರಾಜ್ಯಕ್ಕೆ ಒಳ್ಳೇದಾಗುತ್ತೆ."

"ನಾವು ಬೇರೆ ರಾಜ್ಯದೋರಾ ಮೇಡಂ?" ಬಾಗಿಲ ಕಡೆಯಿಂದ ಕಿವಿಯಕ್ಕ ಕೇಳಿದಳು.

ಶಾಸಕಿಯ ಮುಖ ಸ್ವಲ್ಪ ಕೆಂಪಾಯಿತು. ಸಿಟ್ಟಲ್ಲ. ನಾಚಿಕೆ ಇರಬೇಕು. ಉತ್ತರವನ್ನು ಪಿಎ ಕೊಟ್ಟ. ಶುಕ್ರವಾರ ಸದನದ ಸಮಿತಿ ಜನರ ಅಹವಾಲು ಕೇಳುತ್ತದೆ. ಕಿವಿಯಕ್ಕ ಬಂದು ಮಸೂದೆಗೆ ಒಪ್ಪಿಗೆ ಇದೆ ಎಂದು ಹೇಳಬೇಕು. ಹೇಳಿದರೆ ಕೇಸಿಲ್ಲ. ಅವತ್ತೇ ಬೀಗ ತೆಗೆಯುತ್ತಾರೆ. ಘಟಕ ಏಳುವ ತನಕ, ಅಂದರೆ ಇನ್ನೊಂದು ವರ್ಷ, ಶೆಡ್ಡು ಇರುತ್ತದೆ. ಸೊಸೆಗೆ ಘಟಕದಲ್ಲಿ ಗುಡಿಸುವ ಕೆಲಸ.

"ಉಳಿದ ಏಳು ಜನಕ್ಕೆ?" ಎಂದಳು ಕಿವಿಯಕ್ಕ.

"ನೋಡೋಣ" ಎಂದ ಪಿಎ.

ಹೇಳಿಕೆ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ದಾರಿಯಲ್ಲಿ ನಾನೇ ಕಿವಿಯಕ್ಕನಿಗೆ ಹೇಳಿದೆ. "ಮೊದಲು ಬೀಗ ತೆಗೆಸೋಣ. ಆಮೇಲೆ ಜಗಳ ಆಡಿದರಾಯ್ತು." ಅವಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ನಡೆದಳು. ನನ್ನ ಜೊತೆ ನಡೆಯುವಾಗ ಯಾವಾಗಲೂ ಬಿಸಿಲಿನ ಕಡೆ ಅವಳೇ ಇರುತ್ತಾಳೆ. ಅವತ್ತೂ ಹಾಗೇ.

ಬರೆದೆ. ಈ ಸಲ ಅಂಗಡಿಯಿಂದ ತಂದ ಹೊಸ ಹಾಳೆಯಲ್ಲಿ. 'ಗೌರವಾನ್ವಿತ ಸಮಿತಿಗೆ ನಮಸ್ಕಾರ. ಈ ಮಸೂದೆಯನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಮುಂದಿನ ಪೀಳಿಗೆಗಾಗಿ ನಮ್ಮ ಕಸುಬನ್ನು ಬಿಟ್ಟುಕೊಡಲು ಒಪ್ಪಿದ್ದೇವೆ.' ಎರಡು ಸಲ ತಿದ್ದಿದೆ. 'ಬಿಟ್ಟುಕೊಡಲು' ಎನ್ನುವುದು ಒರಟಾಯಿತೆಂದು ಅದನ್ನು 'ತ್ಯಾಗ ಮಾಡಲು' ಎಂದು ಬದಲಿಸಿದೆ. ನನ್ನ ಭಾಷೆ ಚೆನ್ನಾಗಿದೆ ಎಂದು ಪ್ರಿನ್ಸಿಪಾಲರೆಲ್ಲ ಹೊಗಳುತ್ತಿದ್ದರು.

ಕಿವಿಯಕ್ಕನಿಗೆ ಓದು ಬರುವುದಿಲ್ಲ. ನಾನು ಹೇಳಿಕೊಟ್ಟೆ, ಬಾಯಿಪಾಠ ಮಾಡಿದಳು. ಬೀಗದ ಮುಂದೆ, ಬೇಲಿಗೆ ಕಟ್ಟಿದ ಹಳೆ ಟಾರ್ಪಾಲಿನ ಕೆಳಗೆ ಎಲ್ಲರೂ ಕೂರುತ್ತಿದ್ದರು. ಸುಮ್ಮನೆ ಕೂತು ಅಭ್ಯಾಸವಿಲ್ಲದ ಕೈಗಳು. ಹುಲ್ಲು ಕೀಳುತ್ತಿದ್ದವು, ಕಲ್ಲು ಆರಿಸುತ್ತಿದ್ದವು, ಆರಿಸಿದ ಕಲ್ಲನ್ನು ದೊಡ್ಡದು ಸಣ್ಣದು ಎಂದು ಬೇರೆ ಮಾಡುತ್ತಿದ್ದವು. ನನ್ನ ವಾಕ್ಯ ಅವರಿಗೆ ತಮಾಷೆಯ ವಸ್ತುವಾಯಿತು.

"ಮುಂದಿನ ಪೀಳಿಗೆಗಾಗಿ ಸ್ವಲ್ಪ ಸರಿಯೇ, ಬಿಸಿಲು ಬೀಳ್ತಿದೆ."

"ಮುಂದಿನ ಪೀಳಿಗೆಗಾಗಿ ಆ ನೀರಿನ ಬಾಟಲ್ ತ್ಯಾಗ ಮಾಡು."

ನಕ್ಕರು. ನಾನೂ ನಕ್ಕೆ. ಸೊಸೆ ನಗಲಿಲ್ಲ. ಅವಳ ಬಲಗೈಗೆ ಬಟ್ಟೆ ಸುತ್ತಿತ್ತು. ಹದಿನೈದು ದಿನದ ಹಿಂದೆ ಸುಗಂಧದ ಸ್ಪ್ರೇ ಡಬ್ಬ ಒಂದು ಕೈಯಲ್ಲೇ ಸಿಡಿದಿತ್ತು. ಯಾರ ಮನೆಯದೋ, ಒಳಗೆ ಗ್ಯಾಸು ಉಳಿದಿತ್ತು. ಎರಡು ಬೆರಳಿನ ಚರ್ಮ ಸುಲಿದು ಬಂದಿತ್ತು.

"ಅತ್ತೆ, ನನಗೊಬ್ಬಳಿಗೆ ಕೆಲಸ ಕೊಟ್ಟು ಇವರನ್ನೆಲ್ಲ ಬಿಡ್ತಾರೆ. ಇವರ ಮುಂದೆ ನಾನು ಪೊರಕೆ ಹಿಡ್ಕೊಂಡು ಹೆಂಗ್ ಓಡಾಡ್ಲಿ?" ಎಂದಳು.

"ಬಾಯಿ ಮುಚ್ಚು. ಕೈ ವಾಸಿಯಾಗ್ಲಿ ಮೊದ್ಲು" ಎಂದಳು ಕಿವಿಯಕ್ಕ. ಆದರೆ ಸೊಸೆಯ ಕೈಯನ್ನೆತ್ತಿ ತನ್ನ ಮಡಿಲಲ್ಲಿಟ್ಟುಕೊಂಡಳು. ಹಾಗೇ ಇಟ್ಟುಕೊಂಡು ನನ್ನ ವಾಕ್ಯಗಳನ್ನು ಮತ್ತೆ ಮತ್ತೆ ಹೇಳಿದಳು. ಎಲ್ಲೂ ತಪ್ಪಲಿಲ್ಲ. ನನಗೆ ಒಳಗೊಳಗೆ ಕಸಿವಿಸಿ. ಎದ್ದು ನಾಲ್ಕು ಹೆಜ್ಜೆ ನಡೆಯುತ್ತಿದ್ದೆ, ಮತ್ತೆ ಬಂದು ಕೂರುತ್ತಿದ್ದೆ. ಅವಳು ತಪ್ಪಿದ್ದರೆ ಚೆನ್ನಾಗಿತ್ತು ಅನ್ನಿಸುತ್ತಿತ್ತು.

ಗುರುವಾರ ಪಿಎ ಬಂದು ಹೇಳಿಕೆಗೆ ಅವಳ ಹೆಬ್ಬೆಟ್ಟು ಹಾಕಿಸಿಕೊಂಡು ಹೋದ.

ಶುಕ್ರವಾರ ಎಲ್ಲರೂ ಹೋದೆವು. ಹೆಂಗಸರು ತಮ್ಮಲ್ಲಿದ್ದ ಒಳ್ಳೆಯ ಸೀರೆ ಉಟ್ಟಿದ್ದರು. ತಲೆಗೆ ಸ್ನಾನ ಮಾಡಿದ್ದರು. ಉಗುರಿನ ಸಂದಿ ಎಷ್ಟು ಉಜ್ಜಿದ್ದರೋ, ಕೆಲವರ ಬೆರಳ ತುದಿ ಕೆಂಪಾಗಿತ್ತು. ಮುಂಬಾಗಿಲ ಕಾವಲುಗಾರ ನನ್ನನ್ನು ನೋಡಿ ಬಾಗಿಲು ತೆರೆದ. ಅವರನ್ನು ನೋಡಿ ಕೈ ಅಡ್ಡ ಹಿಡಿದ.

"ಕೆಲಸದೋರು ಹಿಂದಿನ ಬಾಗಿಲು."

"ಇವರು ಸಾಕ್ಷಿ ಹೇಳಲು ಬಂದವರು" ಎಂದೆ.

"ಅದಕ್ಕೇ ಅಮ್ಮ, ಹಿಂದಿನ ಬಾಗಿಲು."

ನಾನೂ ಅವರ ಜೊತೆ ಹಿಂದಿನಿಂದ ಹೋದೆ. ಕಸದ ಡಬ್ಬಗಳು, ಜನರೇಟರು, ಇಕ್ಕಟ್ಟಾದ ಮೆಟ್ಟಿಲು. ಒಳಗೆ ಕಾರಿಡಾರಿನಲ್ಲಿ ಪಿಎ ನಿಂತಿದ್ದ. ಸಭಾಂಗಣಕ್ಕೆ ಕಿವಿಯಕ್ಕ ಮತ್ತು ನಾನು ಮಾತ್ರ. ಉಳಿದ ಎಂಟು ಜನ ಕಾರಿಡಾರಿನಲ್ಲೇ ಇರಬೇಕು. ಅವನು ಅಲ್ಲಿದ್ದ ಆಯಾಗೆ ಏನೋ ಕಣ್ಸನ್ನೆ ಮಾಡಿದ. ಅವಳು ಹೋಗಿ ಒಂದು ಸ್ಪ್ರೇ ಡಬ್ಬ ತಂದಳು. ಕಿವಿಯಕ್ಕನ ಸುತ್ತ ಒಂದು ಸುತ್ತು ಬಂದು ಹೊಡೆದಳು. ಸೆರಗಿಗೆ, ಬೆನ್ನಿಗೆ, ತಲೆಗೆ. ತುಂತುರು ಮುಖದ ಮೇಲೂ ಬಿತ್ತು. ಕಿವಿಯಕ್ಕ ಕಣ್ಣು ಮುಚ್ಚಿ ನಿಂತಳು. ಕಾರಿಡಾರೆಲ್ಲ ಮಲ್ಲಿಗೆಯ ಸುಳ್ಳು ವಾಸನೆ.

ಆಯಾ ತಲೆಯೆತ್ತಲಿಲ್ಲ. "ನಮ್ಗೆ ಹೇಳ್ತಾರಕ್ಕ, ನಾವ್ ಮಾಡ್ತೀವಿ" ಎಂದು ಪಿಸುಗುಟ್ಟಿ, ತನ್ನ ಸೆರಗಿನ ತುದಿಯಿಂದ ಕಿವಿಯಕ್ಕನ ಕಣ್ಣು ಒರೆಸಿದಳು.

ಕಿವಿಯಕ್ಕ ಡಬ್ಬ ನೋಡಿದಳು. ಆಮೇಲೆ ಕಾರಿಡಾರಿನಲ್ಲಿ ನಿಂತ ಸೊಸೆಯ ಕೈ ನೋಡಿದಳು. ಒಳಗೆ ನಡೆದಳು.

ಸಭಾಂಗಣ ನಡುಕ ಬರುವಷ್ಟು ತಣ್ಣಗಿತ್ತು. ಎದುರಿನ ಉದ್ದ ಮೇಜಿನ ಹಿಂದೆ ಸಮಿತಿಯ ಅಧ್ಯಕ್ಷರು, ನಾಲ್ವರು ಸದಸ್ಯರು, ತುದಿಯಲ್ಲಿ ನಮ್ಮ ಶಾಸಕಿ. ಪಕ್ಕದಲ್ಲಿ ನಡಾವಳಿ ಟೈಪು ಮಾಡುವ ಹುಡುಗಿ. ಅವಳ ಬೆರಳುಗಳ ಕಡೆಗೇ ನನ್ನ ಕಣ್ಣು ಹೋಯಿತು, ಹಳೆಯ ಚಾಳಿ. ಘಟಕದವರು ಮಾತಾಡಿದರು. ಅಂಕಿಅಂಶ ತೋರಿಸಿದರು. ಆಮೇಲೆ ಶಾಸಕಿ ಮೈಕು ತೆಗೆದುಕೊಂಡರು. "ಈ ಮಸೂದೆ ಬರೀ ಕಾಗದ ಅಲ್ಲ. ಇದರ ಹಿಂದೆ ದುಡಿಯುವ ಕೈಗಳಿವೆ. ಅಂಥ ಒಂದು ಜೀವ ಇವತ್ತು ನಮ್ಮ ಮುಂದಿದೆ" ಎಂದರು. ಚಪ್ಪಾಳೆ ಬಿತ್ತು.

ಕಿವಿಯಕ್ಕ ಮೈಕಿನ ಮುಂದೆ ನಿಂತಳು. ಕೂದಲು ಇನ್ನೂ ತೇವವಾಗಿತ್ತು.

"ಗೌರವಾನ್ವಿತ ಸಮಿತಿಗೆ ನಮಸ್ಕಾರ. ಈ ಮಸೂದೆಯನ್ನು ನಾವು..."

ನಿಂತಳು. ಮರೆತಳೇನೋ ಎಂದುಕೊಂಡು ನಾನು ತುಟಿಯಲ್ಲೇ 'ಮನಸಾರೆ' ಎಂದೆ. ಅವಳು ನನ್ನ ಕಡೆ ನೋಡಿದಳು. ಮರೆತವಳ ಮುಖವಲ್ಲ ಅದು.

"ಇದು ಟೀಚರಮ್ಮ ಬರೆದ ಮಾತು" ಎಂದಳು. "ಚೆನ್ನಾಗಿದೆ. ಆದ್ರೆ ನಂದಲ್ಲ."

ಅಧ್ಯಕ್ಷರು ತಲೆಯೆತ್ತಿದರು.

"ನಾನು ಕಸ ಬಗೆಯೋಳು ಸ್ವಾಮಿ. ಹತ್ತೊಂಬತ್ತು ವರ್ಷ. ನೀವು ಹವಾಮಾನ ಅಂತೀರಿ. ನಮಗೆ ಅದು ತಗಡು. ನಮ್ಮಲ್ಲಿ ಒಬ್ಬಳು ಹೋದ ಬೇಸಿಗೇಲಿ ಕೂತಲ್ಲೇ ವಾಲಿದಳು. ಮಲಗಿದಾಳೆ ಅಂದ್ಕೊಂಡ್ವಿ. ಅರ್ಧ ಗಂಟೆ ಅವಳ ಗುಡ್ಡೆನೂ ನಾವೇ ಬಗೆದ್ವಿ, ಪಾಪ ಮಲಗ್ಲಿ ಅಂತ. ಮುಟ್ಟಿ ನೋಡಿದ್ರೆ ಹೋಗಿಬಿಟ್ಟಿದ್ಲು. ಮೇಡಂ ನಮ್ಮ ಶೆಡ್ಡಿಗೆ ಬಂದ್ರು. ಕೆಲಸ ಎಲ್ಲೂ ಹೋಗಲ್ಲ, ಕಾನೂನಲ್ಲಿ ಬರೆಸ್ತೀನಿ ಅಂದ್ರು. ಬರೆಸಿದ್ರು. ಅದಕ್ಕೆ ಹದಿನಾಲ್ಕು ಅಂತ ಲೆಕ್ಕ ಇತ್ತು. ಆಮೇಲೆ ಹೊಡೆದುಹಾಕಿದ್ರು. ಆ ಹದಿನಾಲ್ಕನ್ನ ಓದಿ. ಇಲ್ಲಿ, ಎಲ್ಲರ ಮುಂದೆ ಓದಿ."

"ಮಸೂದೆಯಲ್ಲಿ ಅಂಥ ಕಲಂ ಇಲ್ಲ" ಎಂದರು ಅಧ್ಯಕ್ಷರು.

"ಇತ್ತು."

ಪಿಎ ಮುಂದೆ ಬಗ್ಗಿದ. "ಸಾರ್, ಅದು ಕದ್ದ ಕಾಗದ."

"ಎಸೆದ ಕಾಗದ" ಎಂದಳು ಕಿವಿಯಕ್ಕ. ದನಿ ಏರಿತು. "ನೀವು ಎಸೀತೀರಿ, ನಾವು ಆರಿಸ್ತೀವಿ. ನಿಮ್ಮ ಗಾಜು ಆರಿಸ್ತೀವಿ, ಸೂಜಿ ಆರಿಸ್ತೀವಿ, ನಿಮ್ಮ ಮಕ್ಕಳ ಹೇಲು ಆರಿಸ್ತೀವಿ. ಅವಾಗ ಯಾರೂ ಕಳ್ಳಿ ಅನ್ಲಿಲ್ಲ. ಒಂದು ಸಲ ನಮ್ಮ ಕೆಲಸಾನೇ ಎಸೆದ್ರಿ. ಅದನ್ನೂ ನಾವೇ ಆರಿಸಿದ್ವಿ. ಈಗ ಕಳ್ಳಿ."

ಶಾಸಕಿ ತಮ್ಮ ಹಸಿರು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು, ಹಾಕುತ್ತಿದ್ದರು. ಅವರ ಕಣ್ಣು ತುಂಬಿತ್ತು. ನನಗೆ ಮರುಕ ಬರಲಿಲ್ಲ. ನನ್ನ ಆಯುಷ್ಯದಲ್ಲಿ ಬಹುಶಃ ಅದೇ ಮೊದಲ ಸಲ, ಕಣ್ಣೀರು ನೋಡಿ ನನಗೆ ಸಿಟ್ಟು ಬಂತು.

ಅಧ್ಯಕ್ಷರು ಮುಂದಿದ್ದ ಹಾಳೆಯೊಂದನ್ನು ಎತ್ತಿ ಹಿಡಿದರು. "ಆಯ್ತಮ್ಮ. ನಿನ್ನ ಲಿಖಿತ ಹೇಳಿಕೆ ನಮ್ಮ ಹತ್ತಿರ ಇದೆ. ನೀನೇ ಹೆಬ್ಬೆಟ್ಟು ಹಾಕಿದ್ದೀಯ. ಅದನ್ನೇ ದಾಖಲೆಗೆ ತಗೋತೀವಿ. ಬಾಯಿಮಾತಿನಲ್ಲಿ ಹೇಳಿದ್ದು ಬೇಡ." ಟೈಪು ಮಾಡುವ ಹುಡುಗಿಗೆ ಕೈ ಅಡ್ಡ ಆಡಿಸಿದರು. ಅವಳು ಬೆರಳು ನಿಲ್ಲಿಸಿದಳು.

ಪಿಎ ನನ್ನ ಬಳಿ ಬಂದ. ಆ ಹೇಳಿಕೆಯನ್ನು ನನ್ನ ಮುಂದೆ ಇಟ್ಟ. ಹೆಬ್ಬೆಟ್ಟಿನ ಕೆಳಗೆ ಅವನೇ ಒಂದು ಸಾಲು ಸೇರಿಸಿದ್ದ. 'ಮೇಲಿನ ಹೇಳಿಕೆಯನ್ನು ಓದಿ ಹೇಳಲಾಗಿದೆ. ಸಾಕ್ಷಿಯು ಕೇಳಿ, ಅರ್ಥ ಮಾಡಿಕೊಂಡು, ಒಪ್ಪಿರುತ್ತಾರೆ.' ಅದರಡಿ ಗೆರೆ. ಬರೆದವರ ಸಹಿ.

ಓದು ಬಾರದವರ ಹೆಬ್ಬೆಟ್ಟಿಗೆ ಬರೆದವರ ಸಹಿ ಇಲ್ಲದಿದ್ದರೆ ಆ ಕಾಗದ ನಿಲ್ಲುವುದಿಲ್ಲ. ಕಾಲೇಜಿನ ಜವಾನರಿಗೆ, ಆಯಾಗಳಿಗೆ ಅಂಥ ಸಾಲಿನ ಕೆಳಗೆ ನಾನು ಎಷ್ಟೋ ಸಲ ಸಹಿ ಹಾಕಿದ್ದೇನೆ. ಅವರು ಒಪ್ಪಿದರೋ ಇಲ್ಲವೋ ಎಂದು ಒಮ್ಮೆಯೂ ತಲೆಯೆತ್ತಿ ನೋಡಿದವಳಲ್ಲ.

"ಸಹಿ ಹಾಕಿ ಅಮ್ಮ" ಎಂದ ಪಿಎ. ಪೆನ್ನನ್ನು ನನ್ನ ಬೆರಳ ನಡುವೆ ಸಿಕ್ಕಿಸಿದ. "ಸಂಜೆ ಬೀಗ ತೆಗೆಸ್ತೀನಿ. ನಿಮ್ಮ ಕೈಲಿದೆ. ಒಂಬತ್ತು ಜನದ ಕೆಲಸ ಕಳೀಬೇಡಿ."

ಎದ್ದು ನಿಂತೆ. ಹಾಗೆ ನಾಲ್ಕು ಜನರ ಮುಂದೆ ನಾನು ಯಾವತ್ತೂ ಎದ್ದು ನಿಂತವಳಲ್ಲ.

"ಓದಿ ಹೇಳಿದ್ದು ನಿಜ" ಎಂದೆ. "ಅರ್ಥ ಮಾಡಿಕೊಂಡದ್ದೂ ನಿಜ. ಒಪ್ಪಿದ್ದು ಸುಳ್ಳು. ಆ ಸುಳ್ಳನ್ನು ಬರೆದವಳು ನಾನು. ಸಹಿ ಹಾಕುವುದಿಲ್ಲ."

"ಅಮ್ಮ, ಯೋಚನೆ ಮಾಡಿ" ಎಂದರು ಶಾಸಕಿ. ಮೆಲ್ಲನೆ, ಮಗಳು ಹೇಳಿದ ಹಾಗೆ. "ಹದಿನಾಲ್ಕಕ್ಕೋಸ್ಕರ ಉಳಿದಿದ್ದೆಲ್ಲ ಹಾಳಾಗುತ್ತೆ."

"ನಿಮಗೆ ಉಳಿದದ್ದೆಲ್ಲ ಇದೆ. ಅವರಿಗೆ ಇರುವುದು ಹದಿನಾಲ್ಕೇ" ಎಂದೆ.

ಪೆನ್ನನ್ನು ಮೇಜಿನ ಮೇಲಿಟ್ಟೆ. ಅದು ಉರುಳಿ ಕೆಳಗೆ ಬಿತ್ತು. ಪಿಎ ಎತ್ತಿಕೊಳ್ಳಲಿಲ್ಲ. ನಾನೂ ಬಗ್ಗಲಿಲ್ಲ.

ಅಧ್ಯಕ್ಷರು ಗಡಿಯಾರ ನೋಡಿದರು. ಅವರಿಗೆ ಇನ್ನೂ ಆರು ಸಾಕ್ಷಿಗಳಿದ್ದರು. "ಸಾಕು. ಈ ಸಾಕ್ಷಿಯಿಂದ ಹೇಳಿಕೆ ಇಲ್ಲ ಅಂತ ಬರ್ಕೋ. ಮುಂದಿನವರನ್ನು ಕರೆಯಿರಿ."

ಹುಡುಗಿ ಟೈಪು ಮಾಡಲು ಬೆರಳೆತ್ತಿದಳು.

"ಇಲ್ಲ ಅಂತ ಅಲ್ಲ" ಎಂದಳು ಕಿವಿಯಕ್ಕ.

ಮೈಕು ಬಿಟ್ಟು ಅವಳು ಕದಲಿರಲಿಲ್ಲ. ಕಾವಲುಗಾರ ಎರಡು ಹೆಜ್ಜೆ ಮುಂದೆ ಬಂದ. ಅವಳು ಎರಡೂ ಕೈಯಲ್ಲಿ ಮೈಕಿನ ಕಂಬ ಹಿಡಿದಳು. ಬೆರಳ ಗಂಟುಗಳು ಬೆಳ್ಳಗಾದವು.

"ಇಲ್ಲ ಅಂತ ಬರೆದ್ರೆ ನಾನು ಬರಲೇ ಇಲ್ಲ ಅಂತಾಗುತ್ತೆ. ನಾನು ಬಂದಿದೀನಿ. ಸ್ನಾನ ಮಾಡಿ ಬಂದಿದೀನಿ. ಒಪ್ಪಲಿಲ್ಲ ಅಂತ ಬರ್ಕೊಳ್ಳಿ."

"ಹೊರಗೆ ಕಳಿಸಿ ಇವಳನ್ನ" ಎಂದ ಪಿಎ.

ಕಾವಲುಗಾರ ಅವಳ ತೋಳು ಹಿಡಿದ. ಕಿವಿಯಕ್ಕ ಕಂಬ ಬಿಡಲಿಲ್ಲ. ಕಂಬ ನೆಲಕ್ಕೆ ಉಜ್ಜಿ ಕಿರ್ರೆಂದಿತು. ಸಭಾಂಗಣದ ಎಲ್ಲ ಸ್ಪೀಕರಿನಲ್ಲೂ ಆ ಸದ್ದು ಬಂತು. ಬಾಗಿಲ ಹೊರಗೆ ಗಲಾಟೆ ಎದ್ದಿತು. ಎಂಟು ಹೆಂಗಸರು ಬಾಗಿಲು ಬಡಿಯುತ್ತಿದ್ದರು. ಸೊಸೆಯ ದನಿ ಕೇಳುತ್ತಿತ್ತು.

"ಅತ್ತೆ! ಏನ್ ಮಾಡ್ತಿದಾರತ್ತೆ?"

ನಾನು ಹೋಗಿ ಟೈಪು ಮಾಡುವ ಹುಡುಗಿಯ ಪಕ್ಕ ನಿಂತೆ. ಅವಳಿಗೆ ಇಪ್ಪತ್ತೈದೂ ಇರಲಿಕ್ಕಿಲ್ಲ. ಅಧ್ಯಕ್ಷರ ಮುಖ ನೋಡಿದಳು. ಕಿವಿಯಕ್ಕನ ತೋಳ ಮೇಲಿನ ಕೈ ನೋಡಿದಳು. ತಲೆ ತಗ್ಗಿಸಿ ಟೈಪು ಮಾಡತೊಡಗಿದಳು.

ಕಾವಲುಗಾರ ಕೈ ಸಡಿಲಿಸಿದ. ಶಾಸಕಿ ತಮ್ಮ ಮುಂದಿದ್ದ ಮಸೂದೆಯನ್ನೇ ನೋಡುತ್ತಿದ್ದರು.

"ಓದಮ್ಮ" ಎಂದಳು ಕಿವಿಯಕ್ಕ. "ನನಗೆ ಓದು ಬರಲ್ಲ. ಏನ್ ಬರೆದೆ ಓದು."

ಹುಡುಗಿ ಎದ್ದು ನಿಂತಳು. "ಸಾಕ್ಷಿಯು ಹಾಜರಿದ್ದು, ಮಸೂದೆಗೆ ಒಪ್ಪಲಿಲ್ಲ. ಹದಿನಾಲ್ಕನೇ ಕಲಂ ಓದಬೇಕೆಂದು ಕೇಳಿದರು. ಓದಲಿಲ್ಲ."

ಕಿವಿಯಕ್ಕ ಕಂಬವನ್ನು ತಾನೇ ಎತ್ತಿ ಹುಡುಗಿಯ ಮುಂದೆ ತಂದಿಟ್ಟಳು. ಮೈಕನ್ನು ಅವಳ ಬಾಯಿಯ ಎತ್ತರಕ್ಕೆ ತಿರುಗಿಸಿದಳು.

"ಇನ್ನೊಂದ್ಸಲ" ಎಂದಳು. "ಹೊರಗಿರೋರಿಗೆ ಕೇಳ್ಬೇಕು."